ಸಿಬಿಲ್ ಸ್ಕೋರ್ 780 ಇದ್ದರೂ ಕ್ರೆಡಿಟ್ ಕಾರ್ಡ್ ಅರ್ಜಿ ತಿರಸ್ಕೃತವಾಗುವುದೇಕೆ?

‘ಸಿಬಿಲ್ ಸ್ಕೋರ್ 750 ದಾಟಿದ್ದರೆ ಯಾವ ಬ್ಯಾಂಕೂ ನಿಮಗೆ ಕ್ರೆಡಿಟ್ ಕಾರ್ಡ್ ಕೊಡುವುದಿಲ್ಲ ಎನ್ನುವಂತಿಲ್ಲ’ ಎಂಬ ಅರ್ಥದ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತವೆ. ಅದನ್ನು ನಂಬಿ ಅರ್ಜಿ ಹಾಕಿದವರಿಗೆ ಒಂದೆರಡು ದಿನಗಳಲ್ಲಿ ‘ನಮ್ಮ ಆಂತರಿಕ ನೀತಿಯ ಪ್ರಕಾರ ನಿಮ್ಮ ಅರ್ಜಿಯನ್ನು ಪರಿಗಣಿಸಲಾಗುತ್ತಿಲ್ಲ’ ಎಂಬ ಎಸ್ಸೆಮ್ಮೆಸ್ ಬರುತ್ತದೆ. ಒಂದು ಕಂತನ್ನೂ ತಪ್ಪಿಸದವರಿಗೆ ಇದು ಅವಮಾನದಂತೆ ಕಾಣುವುದು ಸಹಜ. ಆ ಸಿಟ್ಟಿನಲ್ಲೇ ಇನ್ನೂ ನಾಲ್ಕು ಬ್ಯಾಂಕುಗಳಿಗೆ ಅರ್ಜಿ ಹಾಕುವವರಿದ್ದಾರೆ. ‘ಸ್ಕೋರ್ ಸರಿ ಮಾಡಿಸಿ ಕೊಡುತ್ತೇವೆ’ ಎನ್ನುವ ಏಜೆಂಟರಿಗೆ ದುಡ್ಡು ಕೊಡುವವರೂ ಇದ್ದಾರೆ. ನಿಜವಾದ ನಷ್ಟ ಆಗುವುದು ಅಲ್ಲಿ.

ಮೊದಲಿಗೆ ಸಂದೇಶದ ಸತ್ಯಾಸತ್ಯತೆ. ಕ್ರೆಡಿಟ್ ಕಾರ್ಡ್ ಪಡೆಯಲು ಇಂತಿಷ್ಟೇ ಸ್ಕೋರ್ ಇರಬೇಕು ಎಂದಾಗಲಿ, ಇಷ್ಟಿದ್ದರೆ ಕೊಡಲೇಬೇಕು ಎಂದಾಗಲಿ ರಿಸರ್ವ್ ಬ್ಯಾಂಕ್ ನಿಯಮ ಮಾಡಿಲ್ಲ. 750 ಎಂಬುದು ಬ್ಯಾಂಕಿಂಗ್ ವಲಯದಲ್ಲಿ ರೂಢಿಗೆ ಬಂದ ಒಂದು ಅಂದಾಜು ಗೆರೆ, ಅಷ್ಟೇ. ಅದು ಅರ್ಜಿಯನ್ನು ಬಾಗಿಲ ತನಕ ತಲುಪಿಸುತ್ತದೆ. ಒಳಗೆ ಬಿಟ್ಟುಕೊಳ್ಳುವುದು ಬಿಡುವುದು ಬ್ಯಾಂಕಿನ ತೀರ್ಮಾನ.

ಸ್ಕೋರ್‌ಗೆ ನಿಮ್ಮ ಸಂಬಳ ಗೊತ್ತಿಲ್ಲ

ಸಿಬಿಲ್ ಸ್ಕೋರ್ 300ರಿಂದ 900ರವರೆಗಿನ ಒಂದು ಸಂಖ್ಯೆ. ಹಿಂದೆ ಪಡೆದ ಸಾಲ, ಕಾರ್ಡುಗಳ ಬಾಕಿಯನ್ನು ಹೊತ್ತಿಗೆ ಸರಿಯಾಗಿ ಕಟ್ಟಿದ್ದೀರಾ, ಕಾರ್ಡ್ ಮಿತಿಯಲ್ಲಿ ಎಷ್ಟನ್ನು ಬಳಸುತ್ತಿದ್ದೀರಿ, ಎಷ್ಟು ವರ್ಷದಿಂದ ಸಾಲದ ಇತಿಹಾಸವಿದೆ, ಇತ್ತೀಚೆಗೆ ಎಷ್ಟು ಕಡೆ ಸಾಲ ಕೇಳಿದ್ದೀರಿ ಎಂಬುದರ ಮೇಲೆ ಅದು ನಿಂತಿದೆ. ನಿಮ್ಮ ಸಂಬಳ, ಉಳಿತಾಯ ಖಾತೆಯ ಮೊತ್ತ, ಎಫ್‌ಡಿ, ಮನೆ, ಜಮೀನು ಯಾವುದೂ ಈ ಲೆಕ್ಕದಲ್ಲಿ ಇಲ್ಲ. ತಿಂಗಳಿಗೆ 18,000 ರೂಪಾಯಿ ಸಂಬಳದಲ್ಲಿ ಮೊಬೈಲ್ ಇಎಂಐಯನ್ನು ತಪ್ಪದೆ ಕಟ್ಟಿದವರ ಸ್ಕೋರ್, ಲಕ್ಷಗಟ್ಟಲೆ ದುಡಿಯುವವರ ಸ್ಕೋರ್‌ಗಿಂತ ಹೆಚ್ಚಿರಬಹುದು.

ಬ್ಯಾಂಕ್ ಕೇಳಿಕೊಳ್ಳುವ ಪ್ರಶ್ನೆಯೇ ಬೇರೆ. ‘ಈ ಮನುಷ್ಯ ಹಿಂದೆ ಕಟ್ಟಿದ್ದಾನೆ ಸರಿ, ಇನ್ನೂ ಒಂದು ಲಕ್ಷದ ಮಿತಿ ಕೊಟ್ಟರೆ ಅದನ್ನೂ ಕಟ್ಟುವ ಶಕ್ತಿ ಇದೆಯೇ?’ ಮನೆ, ವಾಹನ, ಚಿನ್ನದ ಸಾಲಕ್ಕೆ ಅಡಮಾನವಿರುತ್ತದೆ. ಕಾರ್ಡಿಗೆ ಏನೂ ಇಲ್ಲ. ಹಾಗಾಗಿ ಬ್ಯಾಂಕ್ ಆದಾಯವನ್ನು ತೂಗಿ ನೋಡುತ್ತದೆ.

ಒಂದು ಉದಾಹರಣೆ ನೋಡೋಣ. ತಿಂಗಳಿಗೆ ಕೈಗೆ 45,000 ರೂ. ಸಂಬಳ. ಮನೆ ಸಾಲದ ಕಂತು 17,000, ಬೈಕಿನದು 4,000, ಫೋನಿನದು 2,500. ಒಟ್ಟು 23,500, ಅಂದರೆ ಸಂಬಳದ ಶೇ. 52. ಒಂದು ಕಂತೂ ತಪ್ಪಿಲ್ಲದ ಕಾರಣ ಸ್ಕೋರ್ 780 ಇರಬಹುದು. ಆದರೆ ಕಂತುಗಳ ಮೊತ್ತ ಆದಾಯದ ಅರ್ಧದ ಆಸುಪಾಸಿಗೆ ಬಂದರೆ ಸಾಮಾನ್ಯವಾಗಿ ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಈಗಾಗಲೇ ಮೂರು ಕಾರ್ಡುಗಳಿದ್ದು, ಅವನ್ನು ಬಳಸದೇ ಇದ್ದರೂ, ಅವುಗಳ ಒಟ್ಟು ಮಿತಿಯನ್ನು ‘ನಾಳೆ ಆಗಬಹುದಾದ ಸಾಲ’ ಎಂದು ಲೆಕ್ಕಕ್ಕೆ ಹಿಡಿಯುವ ಬ್ಯಾಂಕುಗಳೂ ಇವೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಭಾರತದಲ್ಲಿ ಕ್ರೆಡಿಟ್ ಮಾಹಿತಿ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ನಾವು ಎಲ್ಲವನ್ನೂ ‘ಸಿಬಿಲ್’ ಎಂದೇ ಕರೆಯುತ್ತೇವೆ, ಝೆರಾಕ್ಸ್ ಎಂದ ಹಾಗೆ. ನಿಮ್ಮ ಫೋನಿನ ಪೇಮೆಂಟ್ ಆ್ಯಪ್ ತೋರಿಸುವ 780 ಇವುಗಳಲ್ಲಿ ಒಂದು ಕಂಪನಿಯದ್ದಾಗಿದ್ದು, ಬ್ಯಾಂಕ್ ನೋಡುವುದು ಇನ್ನೊಂದರದ್ದಾಗಿರಬಹುದು. ಎರಡರ ನಡುವೆ ಹತ್ತಾರು ಅಂಕಗಳ ವ್ಯತ್ಯಾಸ ಇರುವುದು ಅಪರೂಪವೇನಲ್ಲ.

ಸಂಖ್ಯೆಯ ಕೆಳಗಿನ ಪುಟಗಳು

ಆ್ಯಪ್‌ನಲ್ಲಿ ಹಸಿರು ಬಣ್ಣದ ಸ್ಕೋರ್ ನೋಡಿ ಖುಷಿಪಟ್ಟು ಮುಚ್ಚುವವರೇ ಹೆಚ್ಚು. ಬ್ಯಾಂಕ್ ಮಾತ್ರ ಸ್ಕೋರ್‌ನ ಜೊತೆಗೆ ಇಡೀ ವರದಿಯನ್ನು ನೋಡುತ್ತದೆ. ಐದಾರು ವರ್ಷಗಳ ಹಿಂದೆ ಕಷ್ಟಕಾಲದಲ್ಲಿ ಬ್ಯಾಂಕಿನೊಂದಿಗೆ ಮಾತಾಡಿ, ಬಾಕಿ 60,000ದ ಬದಲು 35,000 ಕಟ್ಟಿ ಮುಗಿಸಿದ್ದೀರಿ ಎಂದುಕೊಳ್ಳಿ. ನಿಮ್ಮ ಪಾಲಿಗೆ ಆ ಸಾಲ ತೀರಿತು. ವರದಿಯಲ್ಲಿ ಮಾತ್ರ ಅದು ‘ಕ್ಲೋಸ್ಡ್’ ಅಲ್ಲ, ‘ಸೆಟಲ್ಡ್’. ಪೂರ್ತಿ ಕಟ್ಟಿಲ್ಲ ಎಂದು ಅದರ ಅರ್ಥ. ಆಮೇಲೆ ಶಿಸ್ತಾಗಿ ಕಟ್ಟಿದ್ದರಿಂದ ಸ್ಕೋರ್ ಮೇಲೆ ಬಂದಿರುತ್ತದೆ, ಆ ಪದ ಅಲ್ಲೇ ಉಳಿದಿರುತ್ತದೆ. ಕ್ರೆಡಿಟ್ ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕು ಎಂಬುದೇ ನಿಯಮ.

ಜಾಮೀನು ಇನ್ನೊಂದು. ಭಾವನ ಟ್ರ್ಯಾಕ್ಟರ್ ಸಾಲಕ್ಕೋ, ಸಹೋದ್ಯೋಗಿಯ ಸಾಲಕ್ಕೋ ‘ಬರೀ ಒಂದು ಸೈನು’ ಹಾಕಿರುತ್ತೇವೆ. ಆ ಸಾಲ ನಿಮ್ಮ ವರದಿಯಲ್ಲೂ ‘ಗ್ಯಾರಂಟರ್’ ಎಂಬ ಹೆಸರಿನಲ್ಲಿ ಕೂತಿರುತ್ತದೆ. ಅವರು ಕಟ್ಟುತ್ತಿದ್ದರೂ ಬ್ಯಾಂಕ್ ಅದನ್ನು ನಿಮ್ಮ ತಲೆಮೇಲಿರುವ ಹೊಣೆ ಎಂದೇ ನೋಡಬಹುದು. ಅವರು ತಪ್ಪಿದರೆ ಪೆಟ್ಟು ನಿಮಗೂ ಬೀಳುತ್ತದೆ. ‘ಈಗ ಕೊಳ್ಳಿ, ಆಮೇಲೆ ಕಟ್ಟಿ’ ಎನ್ನುವ ಆ್ಯಪ್ ಸೌಲಭ್ಯಗಳೂ ಅನೇಕ ಸಲ ಯಾವುದೋ ಫೈನಾನ್ಸ್ ಕಂಪನಿಯ ಹೆಸರಿನಲ್ಲಿ ಸಣ್ಣ ಸಾಲವಾಗಿ ದಾಖಲಾಗುತ್ತವೆ. 1,200 ರೂಪಾಯಿಯ ಚಪ್ಪಲಿ ಕೊಂಡಿದ್ದು ಸಾಲ ಎಂದು ನಿಮಗೆ ಅನ್ನಿಸಿರುವುದಿಲ್ಲ, ವರದಿಗೆ ಅದು ಸಾಲವೇ.

ಕೊನೆಯದಾಗಿ ‘ಎನ್‌ಕ್ವೈರಿ’ ಎಂಬ ಭಾಗ. ನೀವು ಅರ್ಜಿ ಹಾಕಿದಾಗಲೆಲ್ಲ ಬ್ಯಾಂಕ್ ನಿಮ್ಮ ವರದಿ ತರಿಸಿಕೊಳ್ಳುತ್ತದೆ. ಯಾವ ಬ್ಯಾಂಕ್, ಯಾವ ದಿನಾಂಕ ಎಂಬುದು ಅಲ್ಲಿ ದಾಖಲಾಗುತ್ತದೆ. ಅರ್ಜಿ ತಿರಸ್ಕೃತವಾಯಿತು ಎಂದು ಬರೆದಿರುವುದಿಲ್ಲ. ಆದರೆ ಒಂದೇ ತಿಂಗಳಲ್ಲಿ ಐದು ಬ್ಯಾಂಕುಗಳು ವಿಚಾರಿಸಿವೆ, ಹೊಸ ಕಾರ್ಡ್ ಒಂದೂ ಬಂದಿಲ್ಲ ಎಂದರೆ ಆರನೆಯ ಬ್ಯಾಂಕಿನವರು ಊಹಿಸಿಕೊಳ್ಳುತ್ತಾರೆ. ‘ಒಂದು ಕಡೆ ಆಗದಿದ್ದರೆ ಎಲ್ಲ ಕಡೆ ಹಾಕಿ ನೋಡಿ’ ಎಂಬ ಸಲಹೆ ಅಪಾಯಕಾರಿ ಎನ್ನುವುದು ಇದಕ್ಕೇ. ಅಂದ ಹಾಗೆ, ನಿಮ್ಮ ಸ್ಕೋರನ್ನು ನೀವೇ ನೋಡಿಕೊಂಡರೆ ಅಂಕ ಇಳಿಯುತ್ತದೆ ಎಂಬ ಇನ್ನೊಂದು ಫಾರ್ವರ್ಡ್ ಸುಳ್ಳು. ದಿನಾ ನೋಡಿದರೂ ಏನೂ ಆಗುವುದಿಲ್ಲ.

ನಮ್ಮ ಇನಿಷಿಯಲ್‌ಗಳ ಪಾಡು

ಕರ್ನಾಟಕದವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇದು. ಉತ್ತರ ಭಾರತದಲ್ಲಿ ಹೆಸರು, ಅಡ್ಡಹೆಸರು ಎಂಬ ಕ್ರಮ ಸಾಮಾನ್ಯ. ಹಳೇ ಮೈಸೂರು ಭಾಗದಲ್ಲಿ ಊರಿನ ಹೆಸರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ಸ್ವಂತ ಹೆಸರು. ಕೆ. ಆರ್. ಮಂಜುನಾಥ ಎಂಬವರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ ಆರ್’, ಆಧಾರ್‌ನಲ್ಲಿ ‘ಮಂಜುನಾಥ್’. ಪ್ಯಾನ್ ಅರ್ಜಿಯಲ್ಲಿ ಮೊದಲ ಮತ್ತು ಕೊನೆಯ ಹೆಸರಿಗೆ ಬರೀ ಇನಿಷಿಯಲ್ ಬರೆಯುವಂತಿಲ್ಲ. ಹಾಗಾಗಿ ಅಲ್ಲಿ ಅವರು ‘ಕಡೂರು ರಾಮಪ್ಪ ಮಂಜುನಾಥ’. ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯಲ್ಲಿ ಒಂದು ‘ಎ’ ಅಕ್ಷರ ಇದೆಯೋ ಇಲ್ಲವೋ ಎಂಬುದು ಬೇರೆ. ಲಕ್ಷ್ಮಿ, ಜ್ಯೋತಿ, ಕೃಷ್ಣ ಎಂಬ ಹೆಸರಿನವರಿಗೆ ಈ ಕಾಗುಣಿತದ ಪಾಡು ಚೆನ್ನಾಗಿ ಗೊತ್ತಿರುತ್ತದೆ.

ನಮಗೆ ಈ ಮೂವರೂ ಒಬ್ಬರೇ. ಅರ್ಜಿಯನ್ನು ಮೊದಲು ಜಾಲಾಡುವುದು ಕಂಪ್ಯೂಟರ್. ಆಧಾರ್, ಪ್ಯಾನ್ ಮತ್ತು ಅರ್ಜಿಯ ಹೆಸರುಗಳು ತಾಳೆಯಾಗದಿದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು. ಇನ್ನೂ ಕೆಟ್ಟದ್ದೆಂದರೆ, ಹೆಸರು, ಹುಟ್ಟಿದ ದಿನಾಂಕ, ವಿಳಾಸಗಳನ್ನು ಹೊಂದಿಸಿ ವರದಿ ತಯಾರಾಗುವಾಗ ಬೇರೊಬ್ಬ ಮಂಜುನಾಥರ ಸಾಲ ನಿಮ್ಮ ವರದಿಗೆ ಬಂದು ಸೇರುವ, ಅಥವಾ ನಿಮ್ಮ ಹಳೆಯ ಒಳ್ಳೆಯ ಇತಿಹಾಸ ಇನ್ನೊಂದು ಕಡತದಲ್ಲಿ ಉಳಿದುಬಿಡುವ ಸಾಧ್ಯತೆ ಇದೆ. ಮದುವೆಯ ನಂತರ ಹೆಸರು, ವಿಳಾಸ ಬದಲಾದ ಮಹಿಳೆಯರಿಗೂ ಇದೇ ತೊಂದರೆ.

ವಿಳಾಸದ್ದೂ ಒಂದು ಕತೆ. ಬೆಂಗಳೂರಿನಲ್ಲಿ ಪಿಜಿಯಲ್ಲೋ ಬಾಡಿಗೆ ಮನೆಯಲ್ಲೋ ಇರುವವರ ಆಧಾರ್‌ನಲ್ಲಿ ಊರಿನ ವಿಳಾಸ ಇರುತ್ತದೆ. ಪರಿಶೀಲನೆಗೆ ಬಂದವರಿಗೆ ಮನೆಯಲ್ಲಿ ಯಾರೂ ಸಿಗದಿದ್ದರೆ, ಫೋನ್ ಎತ್ತದಿದ್ದರೆ ‘ವಿಳಾಸ ದೃಢಪಟ್ಟಿಲ್ಲ’ ಎಂದಾಗುತ್ತದೆ. ಕೆಲವು ಬ್ಯಾಂಕುಗಳು ಕೆಲವು ಪಿನ್‌ಕೋಡ್‌ಗಳಿಗೆ ಕಾರ್ಡ್ ಕೊಡುವುದೇ ಇಲ್ಲ. ಅದಕ್ಕೂ ನಿಮ್ಮ ಸ್ಕೋರ್‌ಗೂ ಸಂಬಂಧವಿಲ್ಲ.

ದುಡ್ಡಿದೆ, ಕಾಗದವಿಲ್ಲ

ತೀರ್ಥಹಳ್ಳಿಯ ಕಡೆಯ ಅಡಿಕೆ ಬೆಳೆಗಾರರೊಬ್ಬರನ್ನು ಊಹಿಸಿಕೊಳ್ಳಿ. ವರ್ಷದ ಆದಾಯ ಬೆಂಗಳೂರಿನ ಎಷ್ಟೋ ನೌಕರರಿಗಿಂತ ಹೆಚ್ಚು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದಿರುವುದರಿಂದ ಅವರು ಐಟಿ ರಿಟರ್ನ್ ಸಲ್ಲಿಸಿರುವುದಿಲ್ಲ. ಕಾರ್ಡಿನ ಅರ್ಜಿ ಕೇಳುವುದು ಸಂಬಳದ ಸ್ಲಿಪ್ ಅಥವಾ ರಿಟರ್ನ್. ಎರಡೂ ಇಲ್ಲ ಎಂದರೆ ಬ್ಯಾಂಕಿನ ಲೆಕ್ಕದಲ್ಲಿ ಆದಾಯವೇ ಇಲ್ಲ. ಕೆಲವು ತಿಂಗಳು ಮಾತ್ರ ಗೌರವಧನ ಪಡೆಯುವ ಅತಿಥಿ ಉಪನ್ಯಾಸಕರು, ಸರ್ಕಾರಿ ಕಚೇರಿಯಲ್ಲಿ ಕೂತು ಕೆಲಸ ಮಾಡಿದರೂ ಏಜೆನ್ಸಿಯಿಂದ ಸಂಬಳ ಪಡೆಯುವ ಹೊರಗುತ್ತಿಗೆ ನೌಕರರು, ಕ್ಯಾಬ್ ಚಾಲಕರು ಕೂಡ ಇದೇ ಸಾಲಿನಲ್ಲಿ ನಿಲ್ಲುತ್ತಾರೆ. ಇದು ನ್ಯಾಯವೇ ಎಂದು ಕೇಳಿದರೆ, ನಮಗೂ ಹಾಗನ್ನಿಸುವುದಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಕೆಲವೊಮ್ಮೆ ಕಾರಣ ನಿಮ್ಮಲ್ಲಿ ಇರುವುದೇ ಇಲ್ಲ. 2023ರ ನವೆಂಬರ್ 16ರಂದು ರಿಸರ್ವ್ ಬ್ಯಾಂಕ್, ಬ್ಯಾಂಕುಗಳ ಕ್ರೆಡಿಟ್ ಕಾರ್ಡ್ ಬಾಕಿಗಳ ಮೇಲಿನ ‘ರಿಸ್ಕ್ ವೇಟ್’ ಅನ್ನು ಶೇ. 125ರಿಂದ 150ಕ್ಕೆ ಏರಿಸಿತು. ಸರಳವಾಗಿ ಹೇಳುವುದಾದರೆ, ಕಾರ್ಡಿನ ಮೂಲಕ ಕೊಡುವ ಪ್ರತಿ ರೂಪಾಯಿಗೂ ಬ್ಯಾಂಕ್ ತನ್ನ ಸ್ವಂತ ಬಂಡವಾಳವನ್ನು ಮೊದಲಿಗಿಂತ ಹೆಚ್ಚು ಎತ್ತಿಡಬೇಕು. ಇಂಥ ಸಂದರ್ಭದಲ್ಲಿ ಬ್ಯಾಂಕುಗಳು ಯಾರಿಗೆ ಕೊಡಬೇಕೆಂಬ ಜರಡಿಯನ್ನು ಇನ್ನಷ್ಟು ಸಣ್ಣದು ಮಾಡಿಕೊಳ್ಳುತ್ತವೆ. ಕಳೆದ ವರ್ಷ ಸಿಗಬಹುದಾಗಿದ್ದ ಕಾರ್ಡ್ ಈ ವರ್ಷ ಸಿಗದಿರಬಹುದು.

ಕಾರಣ ಕೇಳುವುದು ನಿಮ್ಮ ಹಕ್ಕು

ಕಾರ್ಡ್ ಕೊಡಲೇಬೇಕು ಎಂದು ಪಟ್ಟು ಹಿಡಿಯಲು ಬರುವುದಿಲ್ಲ. ಏಕೆ ಕೊಡಲಿಲ್ಲ ಎಂದು ಕೇಳಲು ಬರುತ್ತದೆ. ಕ್ರೆಡಿಟ್ ಮತ್ತು ಡೆಬಿಟ್ ಕಾರ್ಡುಗಳ ಬಗ್ಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ಕ್ರೆಡಿಟ್ ಕಾರ್ಡ್ ಅರ್ಜಿಯನ್ನು ತಿರಸ್ಕರಿಸಿದರೆ ಅದಕ್ಕೆ ನಿರ್ದಿಷ್ಟ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕು. ‘ಆಂತರಿಕ ನೀತಿ’ ಎಂಬ ಎರಡು ಪದ ನಿರ್ದಿಷ್ಟ ಕಾರಣವಲ್ಲ. ಬ್ಯಾಂಕಿನ ಗ್ರಾಹಕ ಸೇವೆಗೆ ಇಮೇಲ್ ಮಾಡಿ, ಅರ್ಜಿ ಸಂಖ್ಯೆ ನಮೂದಿಸಿ, ‘ನನ್ನ ಅರ್ಜಿ ತಿರಸ್ಕರಿಸಲು ನಿರ್ದಿಷ್ಟ ಕಾರಣವೇನು, ಯಾವ ಕ್ರೆಡಿಟ್ ಮಾಹಿತಿ ಕಂಪನಿಯ ವರದಿ ನೋಡಿದ್ದೀರಿ?’ ಎಂದು ಕೇಳಿ. ಉತ್ತರ ಬರುವ ತನಕ ಬೇರೆ ಕಡೆ ಅರ್ಜಿ ಹಾಕಬೇಡಿ.

ಅಷ್ಟರಲ್ಲಿ ವರದಿ ತೆಗೆಸಿ. ನಾಲ್ಕೂ ಕಂಪನಿಗಳು ವರ್ಷಕ್ಕೆ ಒಂದು ಸಲ ಸ್ಕೋರ್ ಸಮೇತ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು ಎಂಬ ನಿಯಮ 2017ರಿಂದ ಇದೆ. ಆಯಾ ಕಂಪನಿಯ ಅಧಿಕೃತ ವೆಬ್‌ಸೈಟ್‌ನಲ್ಲೇ ಪಡೆಯಿರಿ, ಫಾರ್ವರ್ಡ್ ಆಗಿ ಬಂದ ಲಿಂಕ್ ಒತ್ತಬೇಡಿ. ಹೆಸರಿನ ಕಾಗುಣಿತ, ಹುಟ್ಟಿದ ದಿನಾಂಕ, ಗೊತ್ತಿಲ್ಲದ ಸಾಲ, ಕಟ್ಟಿ ಮುಗಿಸಿದರೂ ಚಾಲ್ತಿ ಎಂದು ತೋರಿಸುವ ಸಾಲ ಇವುಗಳನ್ನು ನೋಡಿ. ತಪ್ಪಿದ್ದರೆ ಅಲ್ಲೇ ದೂರು ದಾಖಲಿಸಬಹುದು, ಶುಲ್ಕವಿಲ್ಲ. 30 ದಿನಗಳಲ್ಲಿ ಪರಿಹಾರವಾಗದಿದ್ದರೆ ಆ ನಂತರದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು ಎಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಿಜವಾದ ಮಾಹಿತಿಯನ್ನು ಅಳಿಸಲು ಮಾತ್ರ ಯಾರಿಗೂ ಸಾಧ್ಯವಿಲ್ಲ. ‘ಐದು ಸಾವಿರ ಕೊಡಿ, ಸೆಟಲ್ಡ್ ತೆಗೆಸುತ್ತೇವೆ’ ಎನ್ನುವವರು, ‘ರಿಜೆಕ್ಟ್ ಆದ ಕಾರ್ಡ್ ಪಾಸ್ ಮಾಡಿಸುತ್ತೇವೆ, ಒಟಿಪಿ ಹೇಳಿ’ ಎನ್ನುವವರು ಮೋಸಗಾರರು. ‘ಸೆಟಲ್ಡ್’ ಹೋಗಬೇಕೆಂದರೆ ಉಳಿದ ಬಾಕಿಯನ್ನು ಬ್ಯಾಂಕಿಗೇ ಕಟ್ಟಿ, ನೋ ಡ್ಯೂಸ್ ಪತ್ರ ಪಡೆದು, ಹೊಸ ಸ್ಥಿತಿಯನ್ನು ದಾಖಲಿಸಲು ಕೇಳಬೇಕು.

ಆದಾಯದ ಕಾಗದ ಇಲ್ಲದವರಿಗೆ ಎಫ್‌ಡಿ ಆಧಾರದ ಕಾರ್ಡ್ ಇದೆ. ಠೇವಣಿಯ ಒಂದು ಪಾಲನ್ನು ಮಿತಿಯಾಗಿ ಕೊಡುತ್ತಾರೆ, ಸಾಮಾನ್ಯವಾಗಿ ಸಂಬಳದ ಸ್ಲಿಪ್ ಕೇಳುವುದಿಲ್ಲ. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಬಿಲ್ ಕಟ್ಟದಿದ್ದರೆ ಬ್ಯಾಂಕ್ ಅದನ್ನು ಮುರಿದುಕೊಳ್ಳುತ್ತದೆ ಎಂಬುದು ನೆನಪಿರಲಿ.

ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಸಿಎಂಎಸ್ ಪೋರ್ಟಲ್ ಮೂಲಕ ಉಚಿತವಾಗಿ ದೂರು ಸಲ್ಲಿಸಬಹುದು. ಸಹಾಯವಾಣಿ ಸಂಖ್ಯೆ 14448. 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಮಾಹಿತಿ ಕಂಪನಿಗಳ ಮೇಲಿನ ದೂರುಗಳನ್ನೂ ಅಲ್ಲಿ ಸ್ವೀಕರಿಸಲಾಗುತ್ತದೆ. ದೂರಿನಲ್ಲಿ ‘ಕಾರ್ಡ್ ಕೊಡಿಸಿ’ ಎಂದು ಬರೆದರೆ ಅದು ಬ್ಯಾಂಕಿನ ವಾಣಿಜ್ಯ ತೀರ್ಮಾನ ಎಂದು ಪಕ್ಕಕ್ಕಿಡುತ್ತಾರೆ. ‘ಲಿಖಿತ ಕಾರಣ ಕೊಟ್ಟಿಲ್ಲ’ ಅಥವಾ ‘ವರದಿಯ ತಪ್ಪನ್ನು ತಿದ್ದಿಲ್ಲ’ ಎಂದು ಬರೆಯಿರಿ, ಜೊತೆಗೆ ಬ್ಯಾಂಕಿಗೆ ಕಳಿಸಿದ ಇಮೇಲ್‌ನ ಪ್ರತಿಯನ್ನು ಲಗತ್ತಿಸಿ.