ಕಂದು ಕುಬ್ಜಗಳ ಧ್ರುವಪ್ರಭೆ

ನಕ್ಷತ್ರವಾಗಲು ಸಾಲದಷ್ಟು ರಾಶಿಯಿರುವ ಆಕಾಶಕಾಯಗಳ ಕಾಂತಧ್ರುವಗಳ ಬಳಿ, ವೇಗದ ಎಲೆಕ್ಟ್ರಾನುಗಳ ಚಲನೆಯಿಂದ ಹೊಮ್ಮುವ ಬೆಳಕು ಮತ್ತು ರೇಡಿಯೊ ವಿಕಿರಣ. ಕಂದು ಕುಬ್ಜಗಳ ರಾಶಿ ಗುರುಗ್ರಹದ ಸುಮಾರು 13ರಿಂದ 75 ಪಟ್ಟು. ಒಡಲಲ್ಲಿ ಹೈಡ್ರೋಜನ್ ಸಮ್ಮಿಲನ ನೆಲೆಗೊಳ್ಳದ ಕಾರಣ ಅವು ಕಾಲಕ್ರಮದಲ್ಲಿ ತಣಿಯುತ್ತ ಹೋಗುತ್ತವೆ. ಇಂಥ ಕಾಯಗಳಿರಬೇಕೆಂದು ಭಾರತ ಮೂಲದ ಶಿವ್ ಎಸ್. ಕುಮಾರ್ 1960ರ ದಶಕದ ಆರಂಭದಲ್ಲಿ ಲೆಕ್ಕಹಾಕಿ ತೋರಿಸಿದರು. ಖಚಿತ ನಿದರ್ಶನಗಳು ದೊರೆತದ್ದು 1995ರಲ್ಲಿ.

ಕಾಂತಕ್ಷೇತ್ರದ ಅಳತೆ: ವಿದ್ಯುದ್ವಾಹಕ ಒಡಲಿನ ಕುದಿತವೂ ವೇಗದ ಆವರ್ತನೆಯೂ ಸೇರಿ ಪ್ರಬಲ ಕಾಂತಕ್ಷೇತ್ರ ಹುಟ್ಟುತ್ತದೆ. ಕಾಂತರೇಖೆಗಳನ್ನು ಸುತ್ತುವ ಎಲೆಕ್ಟ್ರಾನುಗಳು ಸೂಸುವ ರೇಡಿಯೊ ಅಲೆಯ ಆವೃತ್ತಿ ಕಾಂತಕ್ಷೇತ್ರದ ಪ್ರತಿ ಗಾಸ್‌ಗೆ ಸುಮಾರು 2.8 ಮೆಗಾಹರ್ಟ್ಸ್. ಗುರುವಿನ ಇಂಥ ಅಲೆಗಳು 40 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ನಿಲ್ಲುತ್ತವೆ. ಎಂದರೆ ಅಲ್ಲಿನ ಕ್ಷೇತ್ರ ಸುಮಾರು 14 ಗಾಸ್. ಸುಮಾರು 20 ಜ್ಯೋತಿರ್ವರ್ಷ ದೂರದ ಸಿಂಪ್ 0136 ಎಂಬ ಕಾಯದಲ್ಲಿ ಇದೇ ಲೆಕ್ಕ 3,000 ಗಾಸ್ ಮೀರುತ್ತದೆ.

ವೀಕ್ಷಣೆ: 2001ರಲ್ಲಿ ಅಮೆರಿಕದ ವಿಎಲ್‌ಎ ದೂರದರ್ಶಕಕ್ಕೆ ಎಲ್‌ಪಿ 944-20 ಎಂಬ ಕಂದು ಕುಬ್ಜದಿಂದ ನಿರೀಕ್ಷೆ ಮೀರಿದ ರೇಡಿಯೊ ಸ್ಫೋಟ ಸಿಕ್ಕಿತು. ನಕ್ಷತ್ರ ಮತ್ತು ಕಂದು ಕುಬ್ಜಗಳ ಗಡಿಯಲ್ಲಿರುವ ಎಲ್‌ಎಸ್‌ಆರ್ ಜೆ1835+3259ರಲ್ಲಿ ರೇಡಿಯೊ ಮಿಡಿತವೂ ಬೆಳಕಿನ ಏರಿಳಿತವೂ 2.84 ಗಂಟೆಗಳ ಆವರ್ತನೆಗೆ ತಾಳೆಯಾಗುವುದನ್ನು ಗ್ರೆಗ್ ಹ್ಯಾಲಿನನ್ ತಂಡ 2015ರಲ್ಲಿ ವರದಿ ಮಾಡಿತು. ಭೂಮಿಯ ಧ್ರುವಪ್ರಭೆಯ ಹಸಿರು ಆಮ್ಲಜನಕದ್ದು. ಜೆ1835ರಲ್ಲಿ ಹೈಡ್ರೋಜನ್‌ನ ಕೆಂಪು ಮೇಲುಗೈ. 2020ರಲ್ಲಿ ಹರೀಶ್ ವೇದಾಂತಂ ಮತ್ತು ಸಂಗಡಿಗರು ಯುರೋಪಿನ ಲೋಫಾರ್ ಜಾಲದ ರೇಡಿಯೊ ಸಂಕೇತದಿಂದಲೇ ಒಂದು ಕಂದು ಕುಬ್ಜವನ್ನು ಪತ್ತೆಹಚ್ಚಿದರು. ರೇಡಿಯೊ ಮೂಲಕ ಪತ್ತೆಯಾದ ಮೊದಲ ಕಂದು ಕುಬ್ಜ ಅದು.

ಬೆಂಗಳೂರಿನ ಕೊಡುಗೆ: ಕಂದು ಕುಬ್ಜಗಳ ವಾತಾವರಣದ ದೂಳನ್ನು ಬೆಳಕಿನ ಧ್ರುವೀಕರಣದಿಂದ ಗುರುತಿಸಬಹುದೆಂದು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಸುಜನ್ ಸೇನ್‌ಗುಪ್ತ ಮತ್ತು ವಿನೋದ್ ಕೃಷನ್ 2001ರಲ್ಲಿ ತೋರಿಸಿದರು. ಬೆಳಕಿನ ಏರಿಳಿತಕ್ಕೆ ಧ್ರುವಪ್ರಭೆ ಕಾರಣವೋ ಮೋಡ ಕಾರಣವೋ ಎಂದು ಬಿಡಿಸಬೇಕಾದಲ್ಲಿ ದೂಳಿನ ತಿಳಿವಳಿಕೆ ಮುಖ್ಯ. ಕಂದು ಕುಬ್ಜಗಳನ್ನೂ ಒಳಗೊಂಡ ಅತಿಶೀತ ಕುಬ್ಜಗಳ ರೇಡಿಯೊ ಅಲೆಗಳನ್ನು ಹುಡುಕಿದ ಪುಣೆ ಬಳಿಯ ಜಿಎಂಆರ್‌ಟಿ ದೂರದರ್ಶಕದ 1,000–1,450 ಮೆಗಾಹರ್ಟ್ಸ್ ಗ್ರಾಹಕ ಫೀಡ್‌ಗಳು ಸಿದ್ಧವಾದದ್ದು ನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ.

ಬಿಡಿಸದ ಪ್ರಶ್ನೆ: ಭೂಮಿಯ ಧ್ರುವಪ್ರಭೆಗೆ ಸೌರಮಾರುತ ಬೇಕು, ಗುರುವಿನದಕ್ಕೆ ಅಯೋ ಉಪಗ್ರಹದ ಜ್ವಾಲಾಮುಖಿಗಳೂ ದ್ರವ್ಯ ಒದಗಿಸುತ್ತವೆ. ಸುಮಾರು 47 ಜ್ಯೋತಿರ್ವರ್ಷ ದೂರದ ಡಬ್ಲ್ಯೂ1935 ಎಂಬ ಕಂದು ಕುಬ್ಜಕ್ಕೆ ಹತ್ತಿರದಲ್ಲಿ ಯಾವ ನಕ್ಷತ್ರವೂ ಇಲ್ಲ. ಆದರೂ ಅದರ ಮೇಲ್ವಾತಾವರಣ ಬಿಸಿಯಾಗಿ ಮೀಥೇನ್ ಹೊಳೆಯುವುದನ್ನು ಜೇಮ್ಸ್ ವೆಬ್ ದೂರದರ್ಶಕ ಕಂಡಿತೆಂದು 2024ರಲ್ಲಿ ಪ್ರಕಟವಾಯಿತು. ಧ್ರುವಪ್ರಭೆಯೇ ಇದಕ್ಕೆ ಕಾರಣವಾಗಿದ್ದರೆ, ದ್ರವ್ಯ ಒದಗಿಸುವ ಉಪಗ್ರಹವೊಂದು ಅದರ ಸುತ್ತ ಇರಬಹುದೆಂಬುದು ಸದ್ಯದ ಊಹೆಗಳಲ್ಲೊಂದು.