ಪದ ಹುಡುಕುವ ಚಿಕಿತ್ಸೆ

ಪಾರ್ಶ್ವವಾಯುವಿನ ನಂತರ ಅಫೇಸಿಯಾಕ್ಕೆ ಒಳಗಾದವರಿಗೆ, ಗೊತ್ತಿದ್ದೂ ಬಾಯಿಗೆ ಬಾರದ ಪದಗಳನ್ನು ಮತ್ತೆ ಆಡಲು ನೆರವಾಗುವ ವಾಕ್-ಭಾಷಾ ಚಿಕಿತ್ಸೆ. ಹಾಸನ ಜಿಲ್ಲೆಯ ಕಾಫಿ ನಾಡಾದ ಸಕಲೇಶಪುರ, ಆಲೂರು ಸೀಮೆಯಲ್ಲಿ ‘ಲಕ್ವ ಹೊಡೆದು ಮಾತು ಬಿದ್ದುಹೋಗಿದೆ’ ಎಂದು ಹೇಳುವಾಗ ಎರಡು ಬೇರೆ ತೊಂದರೆಗಳು ಒಂದೇ ಮಾತಿನಲ್ಲಿ ಸೇರಿಕೊಂಡಿರುತ್ತವೆ. ತುಟಿ, ನಾಲಿಗೆಯ ಸ್ನಾಯು ಸೋತು ಉಚ್ಚಾರ ಕೆಡುವುದು ಒಂದು. ಭಾಷೆಯನ್ನು ನಡೆಸುವ ಮಿದುಳಿನ ಭಾಗಕ್ಕೆ ರಕ್ತ ನಿಂತು ಪದವೇ ಸಿಗದಿರುವುದು ಇನ್ನೊಂದು; ಅದೇ ಅಫೇಸಿಯಾ. ಪಾರ್ಶ್ವವಾಯು ತಗುಲಿದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರಲ್ಲಿ ಇದು ಕಾಣುತ್ತದೆ. ಬಹುಪಾಲು ಜನರಲ್ಲಿ ಭಾಷೆ ಮಿದುಳಿನ ಎಡಗಡೆ ನೆಲೆಸಿದ್ದು, ದೇಹದ ಬಲಭಾಗವನ್ನು ನಡೆಸುವುದೂ ಅದೇ ಕಡೆಯಾದ್ದರಿಂದ, ಬಲಗೈ ಬಲಗಾಲು ಸೋತವರಲ್ಲಿ ಇದು ಹೆಚ್ಚು. ಫ್ರಾನ್ಸಿನ ಪಾಲ್ ಬ್ರೋಕಾ 1861ರಲ್ಲಿ ‘ಟಾನ್’ ಎಂಬುದೊಂದನ್ನೇ ಮತ್ತೆಮತ್ತೆ ಆಡುತ್ತಿದ್ದ ರೋಗಿಯ ಮಿದುಳನ್ನು ಪರೀಕ್ಷಿಸಿ ಮಾತಿನ ನೆಲೆಯನ್ನು ಗುರುತಿಸಿದ. ಮಾತು ಸರಾಗವಾಗಿ ಹರಿದರೂ ಅರ್ಥ ಕೂಡದ ಬಗೆಯನ್ನು ಜರ್ಮನಿಯ ಕಾರ್ಲ್ ವೆರ್ನಿಕೆ 1874ರಲ್ಲಿ ವಿವರಿಸಿದ. ಯಾವ ಬಗೆಯೇ ಇರಲಿ, ಪದ ಸಿಗದ ತೊಡಕು ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ.

ತೊಡಕು ಎಲ್ಲಿದೆ ಎಂಬುದು ತಪ್ಪು ಮಾತಿನಿಂದಲೇ ತಿಳಿಯುತ್ತದೆ. ಏಲಕ್ಕಿಯ ಚಿತ್ರ ತೋರಿಸಿದಾಗ ಒಬ್ಬರು ‘ಮೆಣಸು’ ಎನ್ನಬಹುದು. ಅರ್ಥದ ನೆರೆಯವರೆಗೆ ಹೋಗಿ ಪಕ್ಕದ ಪದವನ್ನು ಹಿಡಿದಿದ್ದಾರೆ. ಇನ್ನೊಬ್ಬರು ‘ಏಕಲ್ಲಿ’ ಎನ್ನಬಹುದು. ಪದ ಸಿಕ್ಕಿದೆ, ಅಕ್ಷರಗಳು ಅದಲುಬದಲಾಗಿವೆ. ಮೂರನೆಯವರು ‘ಅದು... ಪಾಯಸಕ್ಕೆ... ಘಮ...’ ಎಂದು ಸುತ್ತುತ್ತಾರೆ. ಚಿಕಿತ್ಸೆ ಮೂವರಿಗೂ ಒಂದೇ ಅಲ್ಲ.

ಮೊದಲ ಬಗೆಯವರಿಗೆ ಅರ್ಥದ ಎಳೆ ಹಿಡಿದು ನಡೆಯುವ ಕ್ರಮವಿದೆ. ಚಿತ್ರವನ್ನು ನಡುವೆ ಇಟ್ಟು, ಇದು ಯಾವ ಜಾತಿಯದು, ಯಾತಕ್ಕೆ ಬಳಸುತ್ತಾರೆ, ನೋಡಲು ಹೇಗಿದೆ, ಎಲ್ಲಿ ಸಿಗುತ್ತದೆ, ಇದರಿಂದ ಇನ್ನೇನು ನೆನಪಾಗುತ್ತದೆ ಎಂದು ಒಂದೊಂದಾಗಿ ಕೇಳುತ್ತಾರೆ. ಹೆಸರು ಬಾರದಿದ್ದರೂ ಉತ್ತರಗಳನ್ನು ಪೂರ್ತಿ ಮಾಡಿಸುತ್ತಾರೆ. ಮುಂದೆ ಪದ ಕೈಕೊಟ್ಟಾಗ ಅದೇ ಹಾದಿಯಲ್ಲಿ ತಾವೇ ಹುಡುಕಿಕೊಳ್ಳಲಿ, ಕೇಳುವವರಿಗೂ ಸುಳಿವು ಸಿಗಲಿ ಎಂದು. ಎರಡನೆಯ, ಮೂರನೆಯ ಬಗೆಯವರಿಗೆ ಧ್ವನಿಯ ಸುಳಿವು. ಕನ್ನಡದಲ್ಲಿ ಈ ಸುಳಿವನ್ನು ಅಕ್ಷರದ ಲೆಕ್ಕದಲ್ಲಿ ಕೊಡುವುದು ಸಹಜ: ‘ಏ’, ಬಾರದಿದ್ದರೆ ‘ಏಲ’, ಆಗಲೂ ಬಾರದಿದ್ದರೆ ಪೂರ್ತಿ ಪದ ಹೇಳಿ ಮರುನುಡಿಸುವುದು. ಬಂದ ಮೇಲೆ ಸುಳಿವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾ ಬರಬೇಕು.

ಹೆಸರುಗಳಷ್ಟೇ ಸಾಲವು. ಕನ್ನಡದ ಕ್ರಿಯಾಪದ ಮಾಡಿದವರಾರು, ಯಾವಾಗ ಎಂಬುದನ್ನೂ ತನ್ನೊಳಗೇ ಇಟ್ಟುಕೊಂಡಿರುತ್ತದೆ. ‘ಉಂಡೆ’, ‘ಬರ್ತಾಳೆ’ ಎಂಬುದು ಒಂಟಿ ಪದವಾದರೂ ಪೂರ್ತಿ ವಾಕ್ಯ. ಆದ್ದರಿಂದ ಕ್ರಿಯಾಪದದ ಸುತ್ತ ಕಟ್ಟುವ ಅಭ್ಯಾಸ ನಮ್ಮ ಭಾಷೆಗೆ ಚೆನ್ನಾಗಿ ಒಗ್ಗುತ್ತದೆ. ‘ಕೊಯ್ಯು’ ಎಂದು ಕೊಟ್ಟು, ಯಾರು, ಏನನ್ನು, ಎಲ್ಲಿ ಎಂದು ಕೇಳುತ್ತಾರೆ. ‘ಆಳುಗಳು ಹಣ್ಣು ಕೊಯ್ತಾರೆ’ ಎಂದು ತೋಟದವರ ಬಾಯಲ್ಲಿ ಬಂದರೆ, ಅದು ಆ ಮನೆಯಲ್ಲಿ ನಾಳೆಯೇ ಬೇಕಾಗುವ ವಾಕ್ಯ.

ಚಿಕಿತ್ಸೆಯ ಮಿತಿಯನ್ನು ಮುಚ್ಚಿಡಬಾರದು. ಬ್ರಿಟನ್ನಿನಲ್ಲಿ 278 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ‘ಬಿಗ್ ಕ್ಯಾಕ್ಟಸ್’ ಪ್ರಯೋಗದಲ್ಲಿ, ಪ್ರತಿಯೊಬ್ಬರೂ ತಮಗೆ ಬೇಕಾದ 100 ಪದಗಳನ್ನು ಆರಿಸಿಕೊಂಡರು; ಅವರಲ್ಲಿ ಒಂದು ಗುಂಪಿನವರು ಮನೆಯಲ್ಲೇ ಕಂಪ್ಯೂಟರಿನ ನೆರವಿನಿಂದ ಆರು ತಿಂಗಳು ಅಭ್ಯಾಸ ಮಾಡಿದರು. ಆ ಪದಗಳು ಚೆನ್ನಾಗಿ ಸುಧಾರಿಸಿದವು. ಸಹಜ ಮಾತುಕತೆ ಮಾತ್ರ ಅದರಿಂದ ಮೇಲೇಳಲಿಲ್ಲ. ಅಭ್ಯಾಸ ಮಾಡಿದ ಪದ ಬರುತ್ತದೆ, ಮಾಡದ್ದು ತಾನಾಗಿ ಬರುವುದು ಕಡಿಮೆ. ಹೀಗಿರುವಾಗ ಯಾವ ಪದಗಳನ್ನು ಆರಿಸಬೇಕು ಎಂಬುದೇ ಚಿಕಿತ್ಸೆಯ ಮುಖ್ಯ ತೀರ್ಮಾನ. ಆನೆ, ಒಂಟೆ, ವಿಮಾನದ ಅಚ್ಚುಚಿತ್ರಗಳಿಂದ ಬೆಳೆಗಾರನಿಗೆ ಆಗುವ ಉಪಕಾರ ಅಷ್ಟಕ್ಕಷ್ಟೆ. (ಸಕಲೇಶಪುರ, ಆಲೂರಿನ ಪಟ್ಟಿಯಲ್ಲಿ ಆನೆ ಇರಲೇಬೇಕು ಎಂದು ಯಾರಾದರೂ ವಾದಿಸಿದರೆ ಅದೂ ಸರಿಯೇ, ಕಾಡಾನೆ ತೋಟಕ್ಕೆ ಇಳಿಯುವ ಊರುಗಳಿವು.) ಮಕ್ಕಳು ಮೊಮ್ಮಕ್ಕಳ ಹೆಸರು, ಮಾತ್ರೆ, ಕನ್ನಡಕ, ಬಚ್ಚಲು, ಅಕ್ಕಿರೊಟ್ಟಿ, ಕಡುಬು, ಕಣ, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ರೈಟರ್ (ತೋಟದ ಲೆಕ್ಕ ಬರೆಯುವವ), ಮರಗಸಿ (ನೆರಳುಮರಗಳ ಕೊಂಬೆ ಸವರುವ ಕೆಲಸ): ಇಂಥ ಪಟ್ಟಿಯನ್ನು ಮನೆಯವರೇ ಮಾಡಿ, ಫೋಟೊ ತೆಗೆದು ಚಿಕಿತ್ಸಕರ ಕೈಗೆ ಕೊಡುವುದು ಒಳ್ಳೆಯದು. ಕಲಿತ ಪದವನ್ನು ಊಟದ ಹೊತ್ತಿನಲ್ಲಿ, ಫೋನಿನಲ್ಲಿ ಬಳಸುವ ಅವಕಾಶವನ್ನೂ ಮಾಡಿಕೊಡಬೇಕು. ನೆಂಟರೆದುರು ‘ಅಜ್ಜ, ಇದೇನು ಹೇಳಿ ನೋಡಣ’ ಎಂದು ಪರೀಕ್ಷೆ ಒಡ್ಡುವುದು ಅಭ್ಯಾಸವಲ್ಲ, ಅವಮಾನ.

ಈ ಸೀಮೆಯಲ್ಲಿ ಯಾವ ಭಾಷೆಯಲ್ಲಿ ಚಿಕಿತ್ಸೆ ಎಂಬುದೂ ಪ್ರಶ್ನೆಯೇ. ತೋಟದ ಲೈನ್ ಮನೆಗಳಲ್ಲಿ ತಮಿಳು, ತುಳು, ಮಲಯಾಳ, ಪೇಟೆಯಲ್ಲಿ ಬ್ಯಾರಿ, ಉರ್ದು, ಕೊಂಕಣಿ ಕನ್ನಡದೊಡನೆ ಬೆರೆತಿವೆ. ಹೆಚ್ಚು ಬಳಸಿದ ಭಾಷೆ ಮೊದಲು ಮರಳುತ್ತದೆ ಎಂದು ಫ್ರಾನ್ಸಿನ ವೈದ್ಯ ಪಿತ್ರೆ 1895ರಲ್ಲಿ ಹೇಳಿದ್ದರೂ, ಬಲ್ಲ ಭಾಷೆಗಳೆಲ್ಲ ಸರಿಸುಮಾರು ಜೊತೆಯಾಗಿ ಸುಧಾರಿಸುವುದೇ ಹೆಚ್ಚು. ಮನೆಯಲ್ಲಿ ಯಾರ ಸಂಗಡ ಯಾವ ಮಾತು ಎಂದು ಕೇಳಿಯೇ ಪಟ್ಟಿ ಮಾಡಬೇಕು.

ಕನ್ನಡದಲ್ಲಿ ಇದಕ್ಕೆ ಬೇಕಾದ ಸಲಕರಣೆ ಹೆಚ್ಚಾಗಿ ಬಂದದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ (ಸ್ಥಾಪನೆ 1965). ಪ್ರತಿಭಾ ಕಾರಂತ್ 1980ರಲ್ಲಿ ಕನ್ನಡಕ್ಕೆ ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್ ಎಂಬ ಭಾಷಾ ಪರೀಕ್ಷೆಯನ್ನು ರೂಪಿಸಿದರು. ಅಫೇಸಿಯಾದ ಬಗೆ, ತೀವ್ರತೆ ಅಳೆಯುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಕನ್ನಡ ರೂಪ ಶ್ಯಾಮಲಾ ಚೆಂಗಪ್ಪ ಮತ್ತು ಸಂಗಡಿಗರಿಂದ ಬಂತು. ತಡೆತಡೆದು ಮಾತಾಡುವ ವಯಸ್ಕರಿಗಾಗಿ ‘ಮನಾಟ್-ಕೆ’ ಎಂಬ ಚಿಕಿತ್ಸಾ ಕೈಪಿಡಿಯೂ ಕನ್ನಡದಲ್ಲಿದೆ.

ದೂರ ಇಲ್ಲಿನ ದೊಡ್ಡ ಅಡ್ಡಿ. ಸಕಲೇಶಪುರದಿಂದ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ 40 ಕಿ.ಮೀ. ಆಸುಪಾಸು, ಮೈಸೂರಿಗೆ ಸುಮಾರು 150. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಒಟ್ಟು 20ರಿಂದ 50 ಗಂಟೆಗಳ ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನ ಸುಧಾರಣೆ ಕಂಡಿತು. ಜಡಿಮಳೆಯ ತಿಂಗಳುಗಳಲ್ಲಿ, ಒಂದು ಕಡೆ ಸೋತವರನ್ನು ಬಸ್ಸು ಹತ್ತಿಸಿ ಇಷ್ಟು ಗಂಟೆ ಪೂರೈಸುವುದು ಸುಲಭವಲ್ಲ. ಒಮ್ಮೆ ಕೂಲಂಕಷ ತಪಾಸಣೆ, ಮುಂದಕ್ಕೆ ವಿಡಿಯೊ ಕರೆಯಲ್ಲಿ ಮಾರ್ಗದರ್ಶನ, ದಿನಾ ಮನೆಯಲ್ಲಿ ಅಭ್ಯಾಸ ಎಂಬ ಏರ್ಪಾಡೇ ಇಲ್ಲಿಗೆ ಹೊಂದುವಂಥದು. ತಾನಾಗಿ ಆಗುವ ಚೇತರಿಕೆ ಮೊದಲ ಮೂರು ತಿಂಗಳಲ್ಲಿ ಹೆಚ್ಚು. ಹಾಗೆಂದು ‘ಆರು ತಿಂಗಳಾಯ್ತು, ಇನ್ನು ಬರಲ್ಲ’ ಎನ್ನುವ ಮಾತು ನಿಜವಲ್ಲ: ಪಾರ್ಶ್ವವಾಯು ತಗುಲಿ ಆರು ತಿಂಗಳು ದಾಟಿದವರಿಗೂ ಮೂರು ವಾರಗಳ ಬಿರುಸಿನ ಚಿಕಿತ್ಸೆಯಿಂದ ಉಪಯೋಗವಾದದ್ದನ್ನು ಜರ್ಮನಿಯ 2017ರ ಪ್ರಯೋಗ ತೋರಿಸಿದೆ.

ಶಾಶ್ವತವಾಗಿ ಉಳಿದ ಅಫೇಸಿಯಾವನ್ನು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ವಾಕ್ ಮತ್ತು ಭಾಷಾ ವೈಕಲ್ಯದಡಿ ಹೆಸರಿಸಿಯೇ ಸೇರಿಸಿದೆ. ಕೈಕಾಲಿನ ದೌರ್ಬಲ್ಯವಿಲ್ಲದಿದ್ದರೂ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.