ಉಜ್ಜಿನಿ ಒಳಗೆ ನೋಡು

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಯಲ್ಲಿ ಹಳೆಯ ಮಾತೊಂದಿದೆ: ‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’. ಹಂಪಿಯ ಚೆಲುವು ಬಯಲಿನದು. ಗೋಪುರ, ಬೀದಿ, ಬಂಡೆ, ಹೊಳೆ ಎಲ್ಲವನ್ನೂ ಒಂದಿಷ್ಟು ದೂರ ನಿಂತು ನೋಡಿದರೇ ಅದರ ಸೊಗಸು. ಉಜ್ಜಿನಿಯ ಮರುಳಸಿದ್ಧೇಶ್ವರನ ಗುಡಿ ಹಾಗಲ್ಲ. ಅಲ್ಲಿ ಕಲ್ಲುಕುಟಿಗ ತನ್ನ ಜಾಣ್ಮೆಯನ್ನೆಲ್ಲ ಒಳಗಿಟ್ಟಿದ್ದಾನೆ. ಹೊಸ್ತಿಲು ದಾಟಬೇಕು, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ತಾಳಬೇಕು, ಆಮೇಲೆ ತಲೆಯೆತ್ತಬೇಕು.

ಗಮನಿಸಬೇಕಾದದ್ದೆಂದರೆ, ಈ ಮಾತು ಗುಡಿಯನ್ನು ಯಾರು ಕಟ್ಟಿಸಿದರೆಂದು ಹೇಳುವುದಿಲ್ಲ. ಯಾವ ಶತಮಾನದ್ದು, ಯಾವ ಶೈಲಿಯದು ಎಂದೂ ಹೇಳುವುದಿಲ್ಲ. ಎಲ್ಲಿ ನಿಂತು ನೋಡಬೇಕು ಎಂಬುದನ್ನಷ್ಟೇ ಹೇಳುತ್ತದೆ. ಪಂಡಿತರು ಕಲಾಸ್ವಾದನೆ, ರಸಗ್ರಹಣ ಎಂದು ಕರೆಯುವ ವಿದ್ಯೆಯ ಮೊದಲ ಪಾಠವೇ ಅದು. ಯಾವ ಇಲಾಖೆಯೂ ನೇಮಿಸದ, ಸಂಬಳ ಪಡೆಯದ ಯಾರೋ ಒಬ್ಬರು ಹಿಂದೆ ಯಾವಾಗಲೋ ಇದನ್ನು ಪಕ್ಕದವರಿಗೆ ಹೇಳಿದರು. ಅವರು ಮಕ್ಕಳಿಗೆ ಹೇಳಿದರು. ಹಾಗೆ ಉಳಿದು ಬಂದ ಪಾಠ ಶಾಲೆಯ ಬಾಗಿಲಲ್ಲಿ ಬಂದು ನಿಂತುಬಿಟ್ಟದ್ದು ಹೇಗೆ ಎಂಬುದು ಕುತೂಹಲದ ಸಂಗತಿ.

ಕೂಡ್ಲಿಗಿ ತಾಲ್ಲೂಕಿನ ಹೋಬಳಿ ಊರು ಹೊಸಹಳ್ಳಿ. ಕಾನಹೊಸಹಳ್ಳಿ ಎಂದರೆ ಹೊರಗಿನವರಿಗೆ ಬೇಗ ತಿಳಿಯುತ್ತದೆ. ಇಲ್ಲಿಂದ ಪಡುವಣಕ್ಕೆ ಹೊರಟರೆ ಉಜ್ಜಿನಿ. ಇನ್ನೂ ಮುಂದಕ್ಕೆ ಕೊಟ್ಟೂರು, ಅದರ ಹತ್ತಿರ ಅಂಬಳಿಯ ಕಲ್ಲೇಶ್ವರ. ಹರಪನಹಳ್ಳಿ ಕಡೆಗೆ ಬಾಗಳಿ, ನೀಲಗುಂದ. ಹೂವಿನಹಡಗಲಿ ಕಡೆಗೆ ಮಾಗಳ, ಹಿರೇಹಡಗಲಿ, ತುಂಗಭದ್ರೆಯ ದಂಡೆಯ ಕುರುವತ್ತಿ. ಒಂದು ಸಾವಿರ ವರ್ಷದ ಹಿಂದಿನ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪ ಇಷ್ಟು ದಟ್ಟವಾಗಿರುವ ಸೀಮೆಗಳು ನಾಡಿನಲ್ಲಿ ಹೆಚ್ಚಿಲ್ಲ. ಇವುಗಳಲ್ಲಿ ಹಲವು ಊರೊಳಗಿನ ಗುಡಿಗಳು. ಶಾಲೆಯ ಮಕ್ಕಳು ದಿನವೂ ಕಾಣುವಂಥವು.

2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಈ ತಾಲ್ಲೂಕುಗಳೆಲ್ಲ 1953ರವರೆಗೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆದ್ದರಿಂದ ಇಲ್ಲಿಯ ಶಾಲೆಗಳಿಗೆ ಚಿತ್ರಕಲೆ ಬಂದದ್ದು ಮದ್ರಾಸಿನ ದಾರಿಯಿಂದ. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯ ಮದ್ರಾಸಿನಲ್ಲಿ ಒಂದು ಕಲಾಶಾಲೆ ತೆರೆದ. ಕೆಲವೇ ವರ್ಷಗಳಲ್ಲಿ ಸರಕಾರ ಅದನ್ನು ವಹಿಸಿಕೊಂಡಿತು. ಸರಕಾರದ ಲೆಕ್ಕಾಚಾರದಲ್ಲಿ ಕಲೆ ಎಂದರೆ ಕೈಗಾರಿಕೆಗೆ ಒದಗುವ ಕೈಚಳಕ. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ ರೂಪುಗೊಂಡ ಪಾಠಕ್ರಮವೇ ಇಲ್ಲಿಗೂ ಮಾದರಿಯಾಯಿತು: ಮೊದಲು ನೇರ ಗೆರೆ, ಆಮೇಲೆ ಬಾಗುಗೆರೆ, ಆಮೇಲೆ ಅಚ್ಚಿನ ಹಾಳೆ ನೋಡಿ ಎಲೆ ಬಳ್ಳಿ ನಕಲು ಮಾಡುವುದು, ಕೊನೆಗೆ ಮೇಜಿನ ಮೇಲಿಟ್ಟ ಘನ, ಶಂಕು, ಹೂಜಿಗಳಿಗೆ ನೆರಳು ತುಂಬುವುದು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ವಿಜಾಪುರದ ಹುಡುಗರು ಬರೆಯುತ್ತಿದ್ದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳ ಹದವೂ ಇದೇ. ಕರ್ನಾಟಕದಲ್ಲಿ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಎಂದು ನಡೆದು ಬಂದಿರುವ ಪರೀಕ್ಷೆಗಳೂ ಅದರ ಮೊಮ್ಮಕ್ಕಳೇ.

ಈ ಪದ್ಧತಿಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. ಎಷ್ಟೋ ಬಡ ಹುಡುಗರಿಗೆ ಅದು ಅನ್ನ ಕೊಟ್ಟಿತು. ಡ್ರಾಯಿಂಗ್ ಮೇಷ್ಟರಾದವರಲ್ಲಿ ಕೆಲವರು ಒಳ್ಳೆಯ ಕಲಾವಿದರೂ ಆದರು. ಆದರೆ ಅದು ತಿದ್ದಿದ್ದು ಕೈಯನ್ನು ಮಾತ್ರ. ನೂರರಲ್ಲಿ ತೊಂಬತ್ತೈದು ಮಕ್ಕಳು ಮುಂದೆ ಕುಂಚ ಹಿಡಿಯುವವರಲ್ಲ, ನೋಡುವವರು. ಆ ತೊಂಬತ್ತೈದು ಮಂದಿಗೆ ಶಾಲೆಯಲ್ಲಿ ಪಾಠವೇ ಇರಲಿಲ್ಲ.

ವಿಪರ್ಯಾಸ ಇನ್ನೊಂದಿದೆ. ಬಳ್ಳಾರಿ ಜಿಲ್ಲೆಯ ಹುಡುಗರು ಪರದೇಶದ ಎಲೆಬಳ್ಳಿಗಳನ್ನು ತಿದ್ದುತ್ತಿದ್ದ ಕಾಲದಲ್ಲೇ ಮದ್ರಾಸ್ ಪುರಾತತ್ವ ಇಲಾಖೆಯ ಅಲೆಕ್ಸಾಂಡರ್ ರೀ ಅದೇ ಜಿಲ್ಲೆಯ ಗುಡಿಗಳನ್ನು ಅಳೆಸುತ್ತಿದ್ದ. 1896ರಲ್ಲಿ ಆತನ ‘ಚಾಲುಕ್ಯನ್ ಆರ್ಕಿಟೆಕ್ಚರ್’ ಪ್ರಕಟವಾಯಿತು. ಬಾಗಳಿ, ಮಾಗಳ, ಕುರುವತ್ತಿ, ಹಿರೇಹಡಗಲಿ ಮೊದಲಾದ ಊರುಗಳ ಗುಡಿಗಳ ತಳನಕ್ಷೆ, ಕಂಬ, ಬಾಗಿಲವಾಡ, ಜಾಲಂಧ್ರಗಳ ರೇಖಾಚಿತ್ರಗಳು ಆ ದೊಡ್ಡ ಪುಸ್ತಕದಲ್ಲಿವೆ. ಒಂದೊಂದು ಬಳ್ಳಿಯ ಒಂದೊಂದು ಸುರುಳಿಯನ್ನೂ ಬಿಡದೆ ಬರೆದ ಚಿತ್ರಗಳು ಅವು. ಅವು ಗ್ರಂಥಭಂಡಾರ ಸೇರಿದವು. ಊರ ಶಾಲೆಯ ಗೋಡೆಗೆ ಅದರ ಒಂದು ಹಾಳೆ ತೂಗುಹಾಕಬಹುದೆಂದು ಯಾರಿಗೂ ತೋರಲಿಲ್ಲ.

ಹಾಗೆ ತೋರಿದವರು ಬೇರೆ ದೇಶದಲ್ಲಿದ್ದರು. 1883ರಲ್ಲಿ ಇಂಗ್ಲೆಂಡಿನಲ್ಲಿ ಶಾಲೆಗಳಿಗೆ ಒಳ್ಳೆಯ ಚಿತ್ರಗಳ ಪ್ರತಿ ಒದಗಿಸಲೆಂದೇ ಒಂದು ಸಂಘ ಹುಟ್ಟಿತು; ಚಿಂತಕ ಜಾನ್ ರಸ್ಕಿನ್ ಅದರ ಅಧ್ಯಕ್ಷ. ಮ್ಯಾಂಚೆಸ್ಟರಿನ ಟಿ.ಸಿ. ಹಾರ್ಸ್‌ಫಾಲ್ ಎಂಬ ಅನುಕೂಲಸ್ಥ ಗಿರಣಿ ಕಾರ್ಮಿಕರ ಕೇರಿಯಲ್ಲೇ ಚಿತ್ರಶಾಲೆ ತೆರೆದು, ಶಾಲೆಗಳಿಗೆ ಚಿತ್ರಗಳನ್ನು ಎರವಲು ಕೊಡತೊಡಗಿದ. ಆತ ಸುಮ್ಮನಿರಲಿಲ್ಲ. ಮಕ್ಕಳು ಮೇಷ್ಟರೊಡನೆ ವಸ್ತುಸಂಗ್ರಹಾಲಯಕ್ಕೆ ಹೋದ ಹೊತ್ತನ್ನೂ ಶಾಲೆಯ ಹಾಜರಿಯಲ್ಲಿ ಸೇರಿಸಬೇಕೆಂದು ಸರಕಾರದ ಬೆನ್ನು ಬಿದ್ದ. 1890ರ ದಶಕದ ನಡುವಿನಲ್ಲಿ ನಿಯಮ ಹಾಗೆಯೇ ತಿದ್ದುಪಡಿಯಾಯಿತು. ಹಾಜರಿ ಪುಸ್ತಕದ ಒಂದು ಗೆರೆ ಸಣ್ಣದಾಗಿ ಕಾಣಬಹುದು. ಮಕ್ಕಳನ್ನು ಹೊರಗೆ ಕರೆದೊಯ್ಯಲು ಹೊರಟ ಯಾವ ಮೇಷ್ಟರನ್ನು ಕೇಳಿದರೂ ಅದು ಸಣ್ಣದಲ್ಲವೆಂದು ಹೇಳಿಯಾರು.

ಭಾರತದಲ್ಲಿ ಕಣ್ಣಿನ ಕಡೆಗೆ ಮೊದಲು ತಿರುಗಿದವರಲ್ಲಿ ಇ.ಬಿ. ಹ್ಯಾವೆಲ್ ಒಬ್ಬ. ಮದ್ರಾಸಿನ ಕಲಾಶಾಲೆಯಲ್ಲಿದ್ದು 1896ರಲ್ಲಿ ಕಲ್ಕತ್ತೆಗೆ ಹೋದ ಈತ ಅಲ್ಲಿಯ ಐರೋಪ್ಯ ಚಿತ್ರಗಳ ನಕಲುಗಳನ್ನು ತೆಗೆಸಿ ಮೊಗಲ್ ಮೊದಲಾದ ದೇಶೀ ಚಿತ್ರಗಳನ್ನು ತಂದಿಟ್ಟ. ವಿದ್ಯಾರ್ಥಿಗಳೇ ಪ್ರತಿಭಟಿಸಿದರು! ತಮಗೆ ಕೀಳು ವಿದ್ಯೆ ಕೊಡುತ್ತಿದ್ದಾರೆಂಬ ಸಂಶಯ ಅವರದು. ಅದೇ ಕಲಾಶಾಲೆಗೆ ಮುಂದೆ ಮೈಸೂರಿನ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು.

ಕನ್ನಡನಾಡಿನಲ್ಲಿ ಈ ಕೆಲಸ ನಡೆದದ್ದು ಹೆಚ್ಚಾಗಿ ಸ್ವಂತ ಹಟದಿಂದ. ಎ.ಎನ್. ಸುಬ್ಬರಾಯರು 1919ರಲ್ಲಿ ಬೆಂಗಳೂರಿನಲ್ಲಿ ಕಲಾಮಂದಿರ ತೆರೆದರು; ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ ಚಿತ್ರಕಲೆಯ ಶಾಲೆ ನಡೆಸಿದರು. ಇವು ಕಲಾವಿದರಾಗುವವರಿಗೆ ಕಲಿಸಿದ ಮನೆಗಳು. ನೋಡುವವರನ್ನು ಬೆಳೆಸಬೇಕೆಂಬ ಹಂಬಲ ಎದ್ದು ಕಂಡದ್ದು ಶಿವರಾಮ ಕಾರಂತರಲ್ಲಿ. ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಅವರು ನಡೆಸಿದ ಪ್ರಯೋಗಗಳು, ‘ಬಾಲಪ್ರಪಂಚ’ದಂಥ ಸಂಪುಟಗಳು, ಚಿತ್ರಕಲೆ ಮತ್ತು ಶಿಲ್ಪವನ್ನು ಕುರಿತು ಸಾಮಾನ್ಯ ಓದುಗನಿಗಾಗಿ ಬರೆದ ಪುಸ್ತಕಗಳು ಎಲ್ಲದರ ಹಿಂದೆಯೂ ಇದ್ದದ್ದು ಒಂದೇ ಆಸೆ: ಕನ್ನಡದ ಹುಡುಗನಿಗೆ ಕಣ್ಣು ತೆರೆಯಬೇಕು. ಯಾವ ಇಲಾಖೆಯೂ ಅವರನ್ನು ಇದಕ್ಕೆ ನೇಮಿಸಿರಲಿಲ್ಲ.

ಆದರೆ ರಸಗ್ರಹಣವನ್ನೇ ಒಂದು ಪಾಠವಾಗಿ ಹಳ್ಳಿಗೆ ತಂದ ಕೀರ್ತಿ ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಸಲ್ಲಬೇಕು. 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಅಡಿಕೆ ಬೆಳೆಗಾರರಾಗಿದ್ದ ಕೆ.ವಿ. ಸುಬ್ಬಣ್ಣನವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಸತೀಶ್ ಬಹಾದ್ದೂರರನ್ನು ಮಲೆನಾಡಿಗೆ ಕರೆಸಿ ಚಲನಚಿತ್ರ ರಸಗ್ರಹಣ ಶಿಬಿರ ನಡೆಸಿದರು. ಸತ್ಯಜಿತ್ ರಾಯ್, ಕುರೊಸಾವಾರ ಚಿತ್ರಗಳನ್ನು ರೈತರು, ಮೇಷ್ಟರು, ಗೃಹಿಣಿಯರು ಕೂತು ನೋಡಿದರು. 1980ರ ದಶಕದಲ್ಲಿ ‘ಜನಸ್ಪಂದನ’ ಯೋಜನೆ ಈ ಬಗೆಯ ಶಿಬಿರಗಳನ್ನು ನಾಡಿನ ಬೇರೆ ಬೇರೆ ಹಳ್ಳಿ ಪಟ್ಟಣಗಳಿಗೆ ಒಯ್ದಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಾಡು ಹೆಗ್ಗೋಡಿನ ಕಡೆ ತಿರುಗಿ ನೋಡಿತು.

ಇಂಥ ಶಿಬಿರಗಳ ಕ್ರಮ ಬಹಳ ಸರಳ. ಒಂದು ಚಿತ್ರವನ್ನು ಇಡಿಯಾಗಿ ನೋಡುವುದು, ಆಮೇಲೆ ತುಂಡು ತುಂಡಾಗಿ ಮತ್ತೆ ನೋಡುವುದು, ಕಂಡದ್ದನ್ನು ಹೇಳುವುದು, ಇನ್ನೊಬ್ಬ ಕಂಡದ್ದನ್ನು ಕೇಳುವುದು. ನಿರ್ದೇಶಕನ ಜನ್ಮದಿನಾಂಕ ಗೊತ್ತಿಲ್ಲದವನೂ ಇದರಲ್ಲಿ ಹಿಂದೆ ಬೀಳುವುದಿಲ್ಲ. ಇದನ್ನು ಕಲ್ಲಿಗೂ ಅನ್ವಯಿಸಬಹುದು.

ಸಂಗೀತ, ನೃತ್ಯದ ಮಟ್ಟಿಗೆ 1977ರಲ್ಲಿ ದೆಹಲಿಯ ಐಐಟಿಯಲ್ಲಿ ಕಿರಣ್ ಸೇಠ್ ಆರಂಭಿಸಿದ ಸ್ಪಿಕ್ ಮೆಕೆ ಇಂಥದೇ ಕೆಲಸ ಮಾಡಿದೆ. ಸ್ವಯಂಸೇವಕರ ಬಲದಿಂದಲೇ ನಡೆಯುವ ಈ ಆಂದೋಲನ ದೊಡ್ಡ ಕಲಾವಿದರನ್ನು ಶಾಲೆಯ ಸಭಾಂಗಣಕ್ಕೇ ತಂದು ಕೂರಿಸಿತು. ಶಿಲ್ಪದ ತೊಡಕು ಬೇರೆ. ಹಾಡುಗಾರ ಶಾಲೆಗೆ ಬಂದಾನು, ಬಾಗಳಿಯ ಕಂಬ ಬಾರದು. ಮಕ್ಕಳೇ ಹೋಗಬೇಕು, ಕರೆದೊಯ್ಯಲು ಯಾರಾದರೂ ಬೇಕು.

ಸರಕಾರ ಕಾಗದದ ಮೇಲೆ ಒಪ್ಪಿಲ್ಲವೆಂದಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಶಾಲೆಯ ಎಲ್ಲ ಹಂತಗಳಲ್ಲೂ ಪಾಠವಾಗಿ ಸೇರಿಸಬೇಕೆಂದಿತು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ‘ಕಲಿ-ಕಲಿಸು’ ಎಂಬ ಕಾರ್ಯಕ್ರಮದಡಿ ಕರ್ನಾಟಕದ ಸರಕಾರಿ ಶಾಲೆಗಳ ಶಿಕ್ಷಕರಿಗೆ ತಮ್ಮ ಊರಿನ ಕಲೆ, ಕಸುಬುಗಳನ್ನು ತರಗತಿಗೆ ತರಲು ನೆರವು ಕೊಡುತ್ತ ಬಂದಿದೆ. ಆದರೂ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರು ಕಾಣಸಿಗುವುದು ಅಪರೂಪ. ಕೆಲಸ ಬೀಳುವುದು ಮನಸ್ಸುಳ್ಳ ಯಾರ ಮೇಲಾದರೂ: ಗಣಿತದ ಮೇಷ್ಟರು, ನಿವೃತ್ತ ಗುಮಾಸ್ತರು, ರಜೆಗೆ ಊರಿಗೆ ಬಂದ ಕಾಲೇಜು ಹುಡುಗಿ.

ಹೀಗೆ ಬಂದವರು ಮೊದಲು ಜಾರಿ ಬೀಳುವುದು ಇಸವಿಗಳ ಹಳ್ಳಕ್ಕೆ. ಬಾಗಳಿಯಲ್ಲಿ ಇಮ್ಮಡಿ ತೈಲಪನ ಕಾಲದ 987ರ ಶಾಸನವಿದೆ, ಗುಡಿ ಕಟ್ಟಿಸಿದವನು ದುಗ್ಗಿಮಯ್ಯ ಎಂಬಿಷ್ಟನ್ನು ಬರೆಸಿ, ಬಾಯಿಪಾಠ ಮಾಡಿಸಿ ಹಿಂದಿರುಗಿದರೆ ಮಕ್ಕಳು ಗುಡಿ ನೋಡಿದಂತಾಗಲಿಲ್ಲ. ಪರೀಕ್ಷೆಗೆ ಎರಡು ಅಂಕ ಗಳಿಸಿದಂತಾಯಿತು. ಅದರ ಬದಲು ಕಂಬದ ಮುಂದೆ ನಿಲ್ಲಿಸಿ, ಇಷ್ಟು ನುಣುಪಾದ ದುಂಡು ಬಳೆಗಳನ್ನು ಉಳಿಯಿಂದ ಕೆತ್ತಲಾದೀತೇ ಎಂದು ಕೇಳಿ ನೋಡಬಹುದು. ಕುಂಬಾರನ ತಿಗರಿ ಕಂಡ ಹುಡುಗ, ಬಡಗಿ ತೊಟ್ಟಿಲ ಕಾಲು ಕಡೆಯುವುದನ್ನು ಕಂಡ ಹುಡುಗಿ ಉತ್ತರದ ಹತ್ತಿರ ತಾವೇ ಬರುತ್ತಾರೆ. ಚಾಲುಕ್ಯರ ಕಾಲದ ಈ ಕಂಬಗಳನ್ನು ತಿರುಗಣೆಗೆ ಕೊಟ್ಟೇ ಕಡೆದದ್ದು. ಅದು ಸಾಧ್ಯವಾದದ್ದು ಕಲ್ಲು ಮೆತ್ತಗಿದ್ದುದರಿಂದ. ಆ ಕಲ್ಲಿನ ಹೆಸರೇ ಬಳಪದ ಕಲ್ಲು. ಅಜ್ಜ ಅಜ್ಜಿಯರು ಪಾಟಿಯ ಮೇಲೆ ಅಕ್ಷರ ತಿದ್ದಿದ ಬಳಪಕ್ಕೂ ಗುಡಿಯ ಕಂಬಕ್ಕೂ ಇರುವ ಈ ನಂಟನ್ನು ಒಮ್ಮೆ ಕೇಳಿದ ಮಗು ಮರೆಯುವುದು ಕಷ್ಟ.

ಇನ್ನೂ ಕೆಲವು ತೊಡಕುಗಳಿವೆ. ಬಾಗಳಿಯ ಶಿಖರದ ಸುತ್ತ ಕಾಮಶಿಲ್ಪಗಳಿವೆ. ಮೇಷ್ಟರಿಗೆ ಮುಜುಗರವಾಗುವುದು ಸಹಜ. ಮಕ್ಕಳು ಮೊದಲು ಅದನ್ನೇ ನೋಡುತ್ತಾರೆ ಎಂಬುದು ಬಲ್ಲವರಿಗೆಲ್ಲ ಗೊತ್ತು. ಗದರಿ ಸಾಲು ನಡೆಸಿಕೊಂಡು ಹೋಗುವುದಕ್ಕಿಂತ, ಇದೂ ಬದುಕಿನ ಒಂದು ಭಾಗವೆಂದು ಹಿಂದಿನವರು ತಿಳಿದಿದ್ದರು ಎಂದು ಒಂದು ಮಾತು ಹೇಳಿ ಕಂಬದ ಕಡೆ ತಿರುಗಿಸುವುದು ಮೇಲು. ಇನ್ನು ಪೂಜೆ ನಡೆಯುವ ಗುಡಿಗಳಲ್ಲಿ ಸುಣ್ಣ ಬಳಿಯುವುದು, ಶಿಲ್ಪಕ್ಕೆ ಎಣ್ಣೆ ಬಣ್ಣ ಹಚ್ಚುವುದು ನಡೆದೇ ಇದೆ. ಹಚ್ಚಿದವರದು ಭಕ್ತಿ, ಕೇಡಿನ ಮನಸ್ಸಲ್ಲ. ಕೆತ್ತನೆಯ ಅಂಚು ಹೇಗಿತ್ತೆಂದು ಚಿಕ್ಕಂದಿನಲ್ಲಿ ಬೆರಳಾಡಿಸಿ ಕಂಡಿದ್ದವರು ದೊಡ್ಡವರಾಗಿ ದೇವಸ್ಥಾನದ ಸಮಿತಿಯಲ್ಲಿ ಕೂತಾಗ ಡಬ್ಬಿ ತೆರೆಯುವ ಮೊದಲು ಎರಡು ಸಲ ಯೋಚಿಸಿಯಾರು. ಪುರಾತತ್ವ ಇಲಾಖೆಯ ಫಲಕಕ್ಕಿಂತ ಅದು ಗಟ್ಟಿಯಾದ ಕಾವಲು.

ಕುರುವತ್ತಿಯ ಮಾತು ಇನ್ನೂ ಸೋಜಿಗದ್ದು. ಮಲ್ಲಿಕಾರ್ಜುನ ಗುಡಿಯ ಬಾಗಿಲ ಕಂಬಗಳ ಮೇಲೆ ಬಳುಕಿ ನಿಂತ ಮದನಿಕೆಯರಿದ್ದಾರೆ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ಕುರುವತ್ತಿಯವರು ಅದಕ್ಕಿಂತ ಹಿಂದಿನವರು, ಬೇಲೂರಿನ ಸುಂದರಿಯರಿಗೆ ಅಕ್ಕಂದಿರೆನ್ನಬಹುದು. ಶಾಲಾ ಪ್ರವಾಸದ ಬಸ್ಸು ಮಾತ್ರ ರಾತ್ರಿಯಿಡೀ ಓಡಿ ಬೇಲೂರಿಗೇ ಹೋಗುತ್ತದೆ. ತಂಗಿಯ ಮನೆಯಲ್ಲಿ ಫೋಟೊ ತೆಗೆಸಿಕೊಂಡು ಬಂದ ಮಕ್ಕಳಿಗೆ ಅಕ್ಕನ ಮನೆ ಪಕ್ಕದಲ್ಲೇ ಇದೆಯೆಂದು ತಿಳಿಸುವವರಿಲ್ಲ.

ಉಜ್ಜಿನಿಯ ಜಾತ್ರೆಯಲ್ಲಿ ಗುಡಿಯ ಶಿಖರಕ್ಕೆ ತೈಲಾಭಿಷೇಕವಾಗುತ್ತದೆ. ಜರಿಮಲೆಯ ಪಾಳೆಯಗಾರರ ಮನೆತನದ ಎಣ್ಣೆ ಬಂದ ಮೇಲೆ ಶಿಖರದಿಂದ ಎಣ್ಣೆ ಇಳಿಯುವುದನ್ನು ಸಾವಿರಾರು ಜನ ಹೊರಗೆ ನಿಂತು ನೋಡುತ್ತಾರೆ. ಆ ದಿನ ಒಳಗೆ ನೋಡಲು ಬಿಡುವಿರದು. ಜಾತ್ರೆ ಕಳೆದ ಮೇಲೆ ಒಂದು ಶನಿವಾರದ ಮಧ್ಯಾಹ್ನ, ಅರ್ಚಕರ ಒಪ್ಪಿಗೆ ಕೇಳಿ ಹೋಗುವುದು ಒಳ್ಳೆಯದು. ಮುಗಿಲೆತ್ತರದ ಕೆತ್ತನೆಯನ್ನು ಕತ್ತು ನೋಯದಂತೆ ನೋಡಲು ಒಂದು ಹಳೆಯ ಉಪಾಯವಿದೆ. ಮನೆಯಿಂದ ತಂದ ಮುಖ ನೋಡುವ ಕನ್ನಡಿಯನ್ನು ಒಬ್ಬ ಹುಡುಗ ಬಾಗಿಲಲ್ಲಿ ಬಿಸಿಲಿಗೆ ಹಿಡಿದರೆ ಬೆಳಕು ಒಳಗೆ ಹಾರಿ ಭುವನೇಶ್ವರಿಯ ಮೇಲೆ ಬೀಳುತ್ತದೆ. ಅಜಂತೆಯ ಗುಹೆಗಳಲ್ಲೂ ಹಿಂದೆ ಹೀಗೆಯೇ ಬೆಳಕು ಹಾಯಿಸಿ ಚಿತ್ರ ತೋರಿಸುತ್ತಿದ್ದರು. ಉಳಿದ ಮಕ್ಕಳು ಕಲ್ಲು ಹಾಸಿನ ಮೇಲೆ ಅಂಗಾತ ಮಲಗಿ ನೋಡಬೇಕು. ಕನ್ನಡಿ ಹಿಡಿದವನ ಸರದಿ ಮಾತ್ರ ಐದು ನಿಮಿಷಕ್ಕೊಮ್ಮೆ ಬದಲಾಗುತ್ತಿರಬೇಕು, ಇಲ್ಲದಿದ್ದರೆ ಜಗಳ.